ಮುಸುಕಿನ ಪೈಲ್ವಾನನ ಕಡೇ ಬಾಗಿಲು

ಚಾಮರಾಜನಗರದ ಕರೆಂಟು ತೆಗೆಯುವುದು ನನ್ನ ಕೆಲಸವಾಗಿತ್ತು.

ಹೀಗೆಂದರೆ ನಗು ಬರಬಹುದು. ತೊಂಬತ್ತೈದನೇ ಇಸವಿಯ ಆ ದಿನಗಳಲ್ಲಿ ಊರೂರಿಗೂ ಹೊತ್ತು ಗೊತ್ತು ಮಾಡಿ ಕರೆಂಟು ನಿಲ್ಲಿಸುತ್ತಿದ್ದರು. ನಮ್ಮ ಪಾಲಿಗೆ ಬಂದದ್ದು ಸಂಜೆ ಐದರಿಂದ ಏಳು. ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಗಡಿಯಾರದ ಮುಳ್ಳು ಐದಕ್ಕೆ ಬಂದಾಗ ಮಾದಪ್ಪನನ್ನು ನೆನೆದು ಸ್ವಿಚ್ಚು ಇಳಿಸುತ್ತಿದ್ದೆ. ಆಗ ಊರಿನ ಕಡೆಯಿಂದ 'ಓ' ಎಂದು ಒಂದು ಕೂಗು ಬರುತ್ತಿತ್ತು, ಮಕ್ಕಳೂ ದೊಡ್ಡವರೂ ಒಟ್ಟಿಗೆ ಬೈದಂತೆ.

ಆ ಕೂಗಿನಲ್ಲಿ ನನ್ನ ಹೆಸರಿರಲಿಲ್ಲ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಈರಮ್ಮ ಕಾಮಾಲೆಯಾಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ನನ್ನ ಹೆಸರು ಕೂಗುವವರೇ ಇರಲಿಲ್ಲ. ದಿನಕ್ಕೊಮ್ಮೆ ಊರೆಲ್ಲ ಸೇರಿ ಬೈಯುವುದೇ ನನಗೆ ಒಂದು ಬಗೆಯ ಜೊತೆಯಾಗಿತ್ತು.

ಒಂದು ದಿನ ಆ ಬೈಗುಳಕ್ಕೆ ಕಾಲು ಮೂಡಿ ಅದು ನಮ್ಮ ಗೇಟಿನ ತನಕ ನಡೆದು ಬಂತು.

"ಯಾರ್ರೀ ಒಳ್ಗೆ? ಕರೆಂಟ್ ತಗ್ಯೋರು ಯಾರು?"

ಗೇಟಿನ ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಹತ್ತಿರದ ವಯಸ್ಸು. ನೀಲಿ ಸೀರೆ, ಹಣೆಯಲ್ಲಿ ಕಾಸಗಲದ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಿರುಸಾಗಿ ನಡೆದು ಬಂದದ್ದಕ್ಕೆ ಮುಖ ಕೆಂಪೇರಿತ್ತು.

"ನಾನೇ ಕಣಮ್ಮ. ಏನಾಗಬೇಕಿತ್ತು?"

"ಏನಾಗ್ಬೇಕಾ? ಕಡೇ ಬಾಗ್ಲಿಗೆ ಬಂದಿದ್ದೆ ಕಣಣ್ಣ ನಾನು! ಇನ್ನೊಂದ್ ಸಲ ನೆಗ್ದಿದ್ರೆ ಬಾಗ್ಲು. ಅಷ್ಟೊತ್ಗೆ ಪಕ್ ಅಂತ ತಗ್ದ್‌ಬುಟ್ರಿ. ನೆನ್ನೆನೂ ಅಂಗೇ, ಮೊನ್ನೆನೂ ಅಂಗೇ. ನಿಮ್ಗೂ ಆ ಮೂಳೆ ರಾಜಂಗೂ ಏನಾರ ಒಪ್ಪಂದ ಆಗದಾ?"

"ಯಾವ ರಾಜ?"

"ಮೂಳೆ ರಾಜ. ಅವ್ನೇಯ ಪೈಲ್ವಾನನ ಹೆಂಡ್ತಿನ ಎತ್ಕೊಂಡೋಗಿರದು."

ನಾನು ಅವಳ ಮುಖವನ್ನೇ ನೋಡಿದೆ. ಏನು ಯೋಚಿಸುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಕೋಪದ ನಡುವೆಯೇ ಅವಳಿಗೆ ನಗು ಬಂತು. ಆ ನಗುವನ್ನು ಸೆರಗಿನಲ್ಲಿ ಒತ್ತಿ ಹಿಡಿದಳು.

"ಹುಚ್ಚಿ ಅಲ್ಲ ನಾನು. ವೀಡಿಯೋ ಗೇಮು. ಸಂತೇಮರಳ್ಳಿ ರೋಡ್ನಲ್ಲಿ ಅಂಗ್ಡಿ ಮಡಗಿವ್ನಿ. ರಂಜಿನಿ ಅಂತ. ಶಿವರಂಜಿನಿ."

"ಹೊತ್ತು ಗೊತ್ತು ಮಾಡುವುದು ಮೇಲಿನವರು ಕಣಮ್ಮ. ನಾನು ಇಳಿಸುವವನು ಅಷ್ಟೇ."

"ಅಂಗಾದ್ರೆ ಒಂದಿನ ಬಂದ್ ನೋಡಿ, ನೀವು ಇಳಿಸ್ದಾಗ ಆ ಬಡಪಾಯಿ ಎಲ್ಲಿ ಬಿದ್ದೋಯ್ತನೆ ಅಂತ."

ತಿರುಗಿ ಹೊರಟವಳು ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದಳು.

"ನಿಮ್ಮೆಸ್ರು?"

"ದೊರೆಸ್ವಾಮಿ."

"ಸರಿ. ಇನ್ಮೇಲೆ ಹೆಸ್ರಿಡ್ಕೊಂಡೇ ಬೈತೀನಿ."

ಅಂದು ಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ, ನನ್ನ ಹೆಸರನ್ನು ನಾನೇ ಒಮ್ಮೆ ಹೇಳಿಕೊಂಡೆ. ಬಹಳ ದಿನಗಳ ಮೇಲೆ ಯಾರೋ ನನ್ನ ಹೆಸರು ಕೇಳಿದ್ದರು.

*

ವಾರದ ರಜೆಯ ದಿನ ಹೋದೆ. ಹೋಗುವ ಮೊದಲು ಕನ್ನಡಿ ನೋಡಿಕೊಂಡೆ.

ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ, ಹುಡುಗರು ದುಡ್ಡು ಕೊಟ್ಟು ಆಡಿ ಹೋಗುವಂಥದ್ದು. ಗೋಡೆಯ ಮೇಲೆ ಹುಲಿಯೇರಿದ ಮಾದಪ್ಪ, ಕೆಳಗೆ ಟೀವಿ, ಟೀವಿಯ ಮೇಲೆ ಕಸೂತಿ ಹಾಕಿದ ಬಟ್ಟೆ. ಟೀವಿಗೂ ಬೆಳಗಿನ ಅರಿಶಿನ ಕುಂಕುಮ ಆಗಿತ್ತು. ಗುಂಡ್ಲುಪೇಟೆ ಅವಳ ತವರು. ಅಲ್ಲಿ ಬೇಕರಿ ಇಟ್ಟಿದ್ದ ಮಲಯಾಳಿಯೊಬ್ಬರ ತಮ್ಮ ಗಲ್ಫಿನಿಂದ ತಂದದ್ದು, ಟೀವಿಗೆ ಸಿಕ್ಕಿಸಿದ ಆ ಗೇಮಿನ ಸೆಟ್ಟು. ಅವರು ಊರಿಗೆ ಹೊರಟಾಗ ಇವಳು ಕೊಂಡಿದ್ದಳು. ಜೊತೆಗೆ ಬಂದದ್ದು ಒಂದೇ ಕ್ಯಾಸೆಟ್ಟು. ಅದರ ಮೇಲಿನ ಬರಹ ಇಂಗ್ಲಿಷೂ ಅಲ್ಲ.

"ಕಾಲೇಜಿನ ಮೇಷ್ಟ್ರೊಬ್ರು ನೋಡಿ, ಇದು ಮೆಕ್ಸಿಕೋ ದೇಶದ ಕತೆ ಅಂದ್ರು. ನಂಗಂತೂ ಕೊಳ್ಳೇಗಾಲದ ಕಡೇದು ಅನ್ಸುತ್ತೆ," ಎಂದು ಸ್ವಿಚ್ಚು ಒತ್ತಿದಳು.

ತುತ್ತೂರಿ, ಗಿಟಾರು, ಜೊತೆಗೆ ಯಾರೋ 'ಆಯ್ ಆಯ್' ಎಂದು ಕೂಗುವ ದನಿ. ಪರದೆಯ ಮೇಲೆ ಒಬ್ಬ ಕುಳ್ಳ ಪೈಲ್ವಾನ ಬಂದು ನಿಂತ. ಡೊಳ್ಳು ಹೊಟ್ಟೆ, ಕೆಂಪು ಚಡ್ಡಿ, ಮುಖಕ್ಕೆಲ್ಲ ನೇರಳೆ ಬಣ್ಣದ ಮುಸುಕು. ಪಾಪಾಸುಕಳ್ಳಿಯಿಂದ ಪಾಪಾಸುಕಳ್ಳಿಗೆ ನೆಗೆಯುತ್ತಾನೆ. ಮೆಣಸಿನಕಾಯಿ ಸಿಕ್ಕಿದರೆ ತಿಂದು ಬಾಯಿಂದ ಬೆಂಕಿ ಬಿಡುತ್ತಾನೆ, ಆಮೇಲೆ ನಾಲಿಗೆ ಚಾಚಿಕೊಂಡು ನೀರಿಗೆ ಓಡುತ್ತಾನೆ. ಹಗ್ಗಕ್ಕೆ ನೇತುಬಿಟ್ಟ ಕಾಗದದ ಕತ್ತೆಗೆ ಗುದ್ದಿದರೆ ಅದರ ಹೊಟ್ಟೆಯಿಂದ ಮಿಠಾಯಿ ಸುರಿಯುತ್ತದೆ. ಹೊಳೆಯ ದಡದಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಅಳುತ್ತ ಕೂತಿರುತ್ತಾಳೆ. ಪಾಪ ಎಂದು ಹತ್ತಿರ ಹೋದರೆ ನೀರಿಗೆ ಎಳೆದುಕೊಳ್ಳುತ್ತಾಳೆ.

ಜಾಯ್‌ಸ್ಟಿಕ್ಕು ನನ್ನ ಕೈಗೆ ಕೊಟ್ಟಳು. ನಾನು ನೇರವಾಗಿ ಅಳುವವಳ ಹತ್ತಿರ ಹೋದೆ.

"ಓಗ್ಬುಟ್ರಾ ಅಲ್ಗೇಯ! ಗಂಡಸ್ರೆಲ್ಲ ಇಷ್ಟೇಯ. ಒಬ್ಳು ಅಳ್ತಾವ್ಳೆ ಅಂದ್ರೆ ಸಾಕು, ಮುಳುಗೇ ಓಯ್ತರೆ."

"ನೀನು ಮೊದಲೇ ಹೇಳಬೇಕಿತ್ತು."

"ಹೇಳುದ್ರೆ ನೋಡಕೆ ಮಜ ಎಲ್ಲಿರ್ತಿತ್ತು?"

ಮುಳುಗಿದ ಪೈಲ್ವಾನ ಸತ್ತ. ಸತ್ತರೂ ಆಟ ಮುಗಿಯಲಿಲ್ಲ. ಮೈಯೆಲ್ಲ ಮೂಳೆಯಾಗಿ, ಮುಖದ ಮುಸುಕು ಮಾತ್ರ ಹಾಗೇ ಉಳಿದು, ಕೆಳಗಿನ ಇನ್ನೊಂದು ಲೋಕದಲ್ಲಿ ಎದ್ದು ನಿಂತ.

"ಸತ್ತ ಮೇಲೂ ಮುಸುಕು ತೆಗೆಯುವುದಿಲ್ಲವೇ?"

"ನಾಚ್ಕೆ ಇರ್ತದಲ್ವಾ ಪಾಪ," ಎಂದಳು. ಮುಂದೊಂದು ಗೋಡೆ ಬಂತು. "ನೋಡಿ, ಇಂಥ ಗ್ವಾಡೆ ಬದ್ಕಿರೋರ್ಗೆ ದಾಟಕಾಗಲ್ಲ. ಇಲ್ಲಿ ಸತ್ರೇ ದಾರಿ. ದಾಟುದ್ ಮೇಲೆ ಚೆಂಡು ಹೂ ಮುಟ್ಬೇಕು, ಮೈ ವಾಪಸ್ ಬತ್ತದೆ."

ಗೋಡೆಯ ಆಚೆ ಸತ್ತವರ ಊರು. ಮೂಳೆಯ ಜನ ದೊಡ್ಡ ಟೋಪಿ ಹಾಕಿಕೊಂಡು ಕುಣಿಯುತ್ತಿದ್ದರು. ಮನೆಮನೆಯ ಮುಂದೆ ಸತ್ತವರ ಪಟ, ಪಟದ ಮುಂದೆ ದೀಪ, ಹಣ್ಣು, ರೊಟ್ಟಿ, ಹೆಂಡದ ಶೀಶೆ, ರಾಶಿ ರಾಶಿ ಚೆಂಡು ಹೂ.

"ಇದು ನಮ್ಮ ಪಕ್ಷದ ಎಡೆಯಲ್ಲವೇ?" ಎಂದೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತೇವೆ. ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ, ಬಾಗಿಲು ತೆಗೆಯುತ್ತೇವೆ. ನಾಲ್ಕು ವರ್ಷದಿಂದ ನಾನು ಒಬ್ಬನೇ ಬಡಿಸಿ, ಒಬ್ಬನೇ ಹೊರಗೆ ನಿಂತು, ಒಬ್ಬನೇ ಕೆಮ್ಮುತ್ತಿದ್ದೆ.

"ನಂಗೂ ಅಂಗೇ ಅನ್ಸಿತ್ತು," ಎಂದಳು ರಂಜಿನಿ. ಅವಳ ನಗು ಎಲ್ಲೋ ಸರಿದು ಹೋಗಿತ್ತು.

"ನಿಮ್ಮ ಯಜಮಾನರು?" ಎಂದು ಕೇಳಿದೆ, ಅವಳ ಕೊರಳ ತಾಳಿ ನೋಡಿ.

"ಲಾರಿ ಓಡುಸ್ತರೆ," ಎಂದು ಜಾಯ್‌ಸ್ಟಿಕ್ಕು ತಿರುಗಿ ತೆಗೆದುಕೊಂಡಳು.

*

ಮರುದಿನ ಪಾಳಿ ಬದಲಾಗುವಾಗ ಜೊತೆಗಾರ ರಾಚಯ್ಯನಿಗೆ, ರಂಜಿನಿಯ ಯಜಮಾನರು ಲಾರಿ ಓಡಿಸುತ್ತಾರಂತೆ ಎಂದೆ. ಅವನಿಗೆ ಊರಿನ ಎಲ್ಲರ ಸಮಾಚಾರವೂ ಬೇಕು.

"ಓಡುಸ್ತರಾ? ಯಾವ ಕಾಲದ್ ಮಾತ್ಲಾ ದೊರೆ? ಕುದೇರಿನ ಪುಟ್ಟಮಾದು ಅವ್ನು. ಅರಿಶ್ನ ತುಂಬ್ಕೊಂಡು ಗುಂಡ್ಲುಪೇಟೆ ದಾಟಿ ಬಂಡೀಪುರದ ರೋಡ್ಗೆ ಓದೋನು ಬರ್ನೇ ಇಲ್ಲ. ಕಾಡೊಳ್ಗೆ ಲಾರಿ ಸಿಗ್ತು, ಡೋರು ತಗ್ದಿತ್ತು, ಅವ್ನಿಲ್ಲ. ಆನೆ ಅಂದ್ರು ಕೆಲವ್ರು, ಇನ್ಯಾರೋ ಊಟೀಲಿ ನೋಡ್ದೆ ಅಂದ್ರು. ಏಳು ವರ್ಷ ಆಯ್ತು. ಅವ್ರವ್ವ ಚಿಕ್ಕನಿಂಗಮ್ಮ ಪ್ರತಿ ವರ್ಷ ಪಕ್ಷದ ಅಮಾಸೆಗೆ ಮಗಂಗೆ ಎಡೆ ಇಕ್ತಳೆ. ಇವ್ಳು ಓಗಲ್ಲ. ಹೆಣ ಕಾಣ್ದೆ ಎಡೆ ಎಂಗಿಕ್ಲಿ ಅಂತಳೆ. ಅತ್ತೆ ಸೊಸೆ ಮಾತಾಡಲ್ಲ."

ಅಷ್ಟು ಹೇಳಿ ನನ್ನ ಮುಖ ನೋಡಿದ. "ನೀನ್ಯಾಕ್ಲಾ ತಲೆ ಬಾಚ್ಕೊಂಡು ಬಂದಿದ್ದೀಯೆ?"

ನಾನು ಪಾಳಿ ಪುಸ್ತಕಕ್ಕೆ ಸಹಿ ಹಾಕಿ ಹೊರಟೆ.

*

ಮತ್ತೆ ಮತ್ತೆ ಹೋದೆ. ಇಬ್ಬರು ಕೂಡಿ ಆಡುವುದೂ ಇತ್ತು. ಎರಡನೆಯ ಜಾಯ್‌ಸ್ಟಿಕ್ಕು ಹಾಕಿದರೆ ಹಳದಿ ಮುಸುಕಿನ ಹೆಣ್ಣು ಪೈಲ್ವಾನ ಬರುತ್ತಿದ್ದಳು. ಅದು ರಂಜಿನಿ. ನಾನು ಡೊಳ್ಳು ಹೊಟ್ಟೆಯವನು.

ಕೆಲವು ಕಡೆ ಒಬ್ಬರು ಬಗ್ಗಿ ನಿಂತು ಇನ್ನೊಬ್ಬರಿಗೆ ಬೆನ್ನು ಕೊಡಬೇಕು. ಅವಳು ನೆಗೆದು ಮೇಲೆ ಹೋಗಿ ಹಗ್ಗ ಬಿಡುವಳು. ನಾನು ಹಗ್ಗ ಹಿಡಿಯುವ ಬದಲು ಕಳ್ಳಿಯ ಮೇಲೆ ಬಿದ್ದು 'ಊಯ್' ಎನ್ನುವೆ.

"ನೆಗೀರಿ ಅಂದ್ರೆ ನೆಗೀಬೇಕು. ಪಂಚಾಂಗ ನೋಡ್ಕೊಂಡು ನೆಗಿಯೋರ್ ತರ ಮಾಡ್ತೀರಲ್ಲ."

"ಬೀಳುತ್ತೇನೆಂದು ಭಯ."

"ಬಿದ್ರೆ ಏನಾಯ್ತದೆ? ಮೂಳೆ ಆಯ್ತೀರಿ. ಚೆಂಡು ಹೂ ಮುಟ್ಟುಸ್ತೀನಿ ಬುಡಿ ನಾನು."

ಹೇಳಿದ ಮೇಲೆ ಮಾತಿನ ಅರ್ಥ ಅವಳಿಗೇ ಹೊಳೆದಿರಬೇಕು. ಕಣ್ಣು ಪರದೆಯ ಮೇಲೆಯೇ ಇತ್ತು, ಕಿವಿಯ ತುದಿ ಮಾತ್ರ ಕೆಂಪಾಯಿತು. ನಾನು ಆ ಕಿವಿಯನ್ನೇ ನೋಡುತ್ತ ಮತ್ತೆ ಹೊಳೆಗೆ ಬಿದ್ದೆ.

ಮೊದಲು 'ಅಣ್ಣ' ಎನ್ನುತ್ತಿದ್ದಳು. ಯಾವಾಗಿನಿಂದಲೋ ಆ ಮಾತು ನಿಂತಿತ್ತು. 'ಕರೆಂಟ್ನೋರೆ' ಎನ್ನಲು ತೊಡಗಿದ್ದಳು. ಒಮ್ಮೆ ಈರಮ್ಮನಿಗೆ ಏನಿಷ್ಟವಿತ್ತೆಂದು ಕೇಳಿದಳು. ಬೆಲ್ಲದ ಕಾಫಿ, ಅವರೆಕಾಳು ಸಾರು, ಊಟವಾದ ಮೇಲೆ ಎಲೆ ಅಡಿಕೆ, ಹಸಿರು ಸೀರೆ ಎಂದೆ. ಸತ್ತವಳ ವಿಷಯ ಅಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ. ಅವಳು ಆಟ ನಿಲ್ಲಿಸಿ, ನಾನು ಕಣ್ಣೊರಸಿಕೊಂಡು ಮುಗಿಸುವ ತನಕ ಟೀವಿಯ ಮೇಲಿನ ಬಟ್ಟೆಯನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು.

ಮನೆಗೆ ಬಂದರೆ ಮತ್ತೆ ಅದೇ ಮೌನ. ಒಂದು ತಟ್ಟೆ, ಒಂದು ಲೋಟ. ದೇವರಿಗೆ ಕೈ ಮುಗಿದು, "ಮಾದಪ್ಪ, ಈ ವಯಸ್ಸಿನಲ್ಲಿ ಇದೇನು ತಂದೆ?" ಎಂದು ಕೇಳುತ್ತಿದ್ದೆ. ಮಾದಪ್ಪ ಹುಲಿಯ ಮೇಲೆ ಸುಮ್ಮನೆ ಕೂತಿದ್ದ.

*

ಶ್ರಾವಣ ಕಳೆಯಿತು. ಕಡೇ ಬಾಗಿಲು ಮಾತ್ರ ಉಳಿದೇ ಇತ್ತು. ಮಧ್ಯಾಹ್ನದ ಊಟ ಮುಗಿಸಿ ಅವಳು ಒಬ್ಬಳೇ ಮೊದಲಿನಿಂದ ಆಡಿಕೊಂಡು ಬರುವಳು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಐದಾಗುವುದು, ನಾನು ಸ್ವಿಚ್ಚು ಇಳಿಸುವೆನು. ಕರೆಂಟು ಹೋದರೆ ಆಟ ಮತ್ತೆ ಮೊದಲಿನಿಂದ. ಸಿಕ್ಕಾಗಲೆಲ್ಲ ಬೈಯುವಳು.

ಅವಳಿಗೆ ಏನನ್ನಾದರೂ ಕೊಡಬೇಕೆನಿಸಿತು. ಸೀರೆ ಕೊಡುವಂತಿಲ್ಲ, ಹೂ ಕೊಡುವಂತಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಕರೆಂಟು ಒಂದೇ.

ಒಂದು ದಿನ ಐದಾದರೂ ಸ್ವಿಚ್ಚು ಇಳಿಸಲಿಲ್ಲ. ಇಂಥದ್ದನ್ನು ಅದುವರೆಗೆ ಮಾಡಿರಲಿಲ್ಲ. ಈಗ ಬಾಗಿಲ ಹತ್ತಿರ ಬಂದಿರುತ್ತಾಳೆ, ಈಗ ನೆಗೆದಿರುತ್ತಾಳೆ, ಈಗ ಗೆದ್ದಿರುತ್ತಾಳೆ ಎಂದುಕೊಳ್ಳುತ್ತ ಕಾಲು ಗಂಟೆ ತಡೆದು ಇಳಿಸಿದೆ. ಊರು ಎಂದಿನಂತೆ 'ಓ' ಎಂದಿತು.

ಮರುದಿನ ಬೆಳಿಗ್ಗೆಯೇ ಹೋದೆ. ಅವಳು ಹೊಸ್ತಿಲು ಸಾರಿಸುತ್ತಿದ್ದಳು.

"ನೆನ್ನೆ ಕರೆಂಟು ಇತ್ತಲ್ಲ?" ಎಂದೆ, ಬಹುಮಾನ ಬಂದವನಂತೆ.

"ಇತ್ತು." ತಲೆಯೆತ್ತಲಿಲ್ಲ. "ನೀವೇ ಬುಟ್ಟಿದ್ರಿ ಅಂತನೂ ಗೊತ್ತಾಯ್ತು."

"ಗೆದ್ದೆಯಾ?"

"ಬಾಗ್ಲು ತಗೀತು. ಒಳ್ಗೆ ಅವ್ನ ಹೆಂಡ್ತಿ ಬೆನ್ ತಿರುಗಿಸ್ಕೊಂಡು ಕುಂತವ್ಳೆ. ಅವ್ಳು ತಿರುಗ್ಬೇಕು, ಅಷ್ಟೇಯ." ಸಾರಿಸುವ ಬಟ್ಟೆ ನಿಂತಿತು. "ತಿರುಗ್ದಾಗ ಮೂಳೆ ಮುಖ ಇದ್ರೆ? ನಾನೇ ಪ್ಲಗ್ ಕಿತ್ತಾಕ್‌ಬುಟ್ಟೆ, ಕರೆಂಟ್ನೋರೆ. ಇಷ್ಟ್ ದಿನ ನಿಮ್ನ ಬೈಕೊಂಡು ಎಂಗೋ ನಡೀತಿತ್ತು. ನೀವು ಕರೆಂಟ್ ಬುಟ್ಟು ನನ್ ಬಣ್ಣ ನಂಗೇ ತೋರುಸ್ಬುಟ್ರಿ."

ನಾನು ಹೊಸ್ತಿಲ ಆಚೆಯೇ ನಿಂತಿದ್ದೆ. ಸಾರಿಸಿದ ನೆಲ ಇನ್ನೂ ಒದ್ದೆಯಾಗಿತ್ತು. ಅಲ್ಲಿ ನಿಂತೇ, ಯೋಚಿಸಿ ಇಟ್ಟುಕೊಂಡಿರದ ಮಾತು ಬಾಯಿಂದ ಬಂತು.

"ರಂಜಿನಿ, ನನ್ನ ಮನೆಯಲ್ಲಿ ಒಂದೇ ತಟ್ಟೆಯಿದೆ. ಎರಡಾದರೆ ಚೆನ್ನಾಗಿರುತ್ತದೆ ಎನ್ನಿಸುತ್ತದೆ."

ಗಂಡ ತೀರಿದವಳು ಇನ್ನೊಬ್ಬನನ್ನು ಕೂಡುವುದು ನಮ್ಮ ಜನರಲ್ಲಿ ತಪ್ಪಲ್ಲ. ಕೂಡಾವಳಿ ಎನ್ನುತ್ತಾರೆ. ಆದರೆ ತೀರಿರಬೇಕು.

ಅವಳು ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು. ಅದರ ಹಿಂದೆ ಇನ್ನೇನೋ ಇತ್ತು. ಆ ಇನ್ನೇನೋ ನನಗಾಗಿಯೇ ಇತ್ತೆಂದು ಇಂದಿಗೂ ನಂಬಿದ್ದೇನೆ.

"ನನ್ ಕೊಳ್ನಲ್ಲಿರದ ನೋಡುದ್ರಾ? ಇದ ಇಟ್ಕೊಂಡು ನಿಮ್ಗೆ ಏನ್ ಹೇಳ್ಲಿ? ತಗೀಬೇಕು ಅಂದ್ರೆ ಅವ್ರಿಗೆ ಎಡೆ ಇಕ್ಬೇಕು. ಎಡೆ ಇಕ್ದೆ ಅಂದ್ರೆ ಕೈಯಾರೆ ನಾನೇ ಸಾಯ್ಸ್‌ದಂಗೆ. ನಾಳೆ ಬಾಗ್ಲಲ್ಲಿ ನಿಂತು 'ರಂಜೀ, ಅನ್ನ ಇಕ್ಕು' ಅಂದ್ರೆ ಯಾವ ಮುಖ ಇಟ್ಕೊಂಡು ಇಕ್ಲಿ?"

"ಇಡಬೇಡ," ಎಂದೆ. "ನನಗಾಗಿ ಇಡಬೇಡ. ನಾನು ಕೇಳಿದ್ದನ್ನು ಮರೆತುಬಿಡು."

ಹೊರಟು ಬಂದೆ. ನನಗಾಗಿ ಒಬ್ಬ ಮನುಷ್ಯ ಸಾಯಬೇಕೆಂದರೆ, ಅವನು ಆಗಲೇ ಸತ್ತಿದ್ದರೂ, ನನ್ನ ಬಾಯಿಂದ ಆ ಮಾತು ಬರಬಾರದು. ಈರಮ್ಮನ ಕಣ್ಣನ್ನು ಈ ಕೈಯಿಂದಲೇ ಮುಚ್ಚಿದ್ದೆ. ಅವಳು ಹೋದಳೆಂದು ನನಗೆ ಗೊತ್ತು. ರಂಜಿನಿಗೆ ಆ ಭಾಗ್ಯವೂ ಇರಲಿಲ್ಲ.

*

ಆಮೇಲೆ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಸ್ವಿಚ್ಚು ಇಳಿಸಿದೆ, ಹೊತ್ತಿಗೆ ಸರಿಯಾಗಿ ಏರಿಸಿದೆ. ಐದು ಗಂಟೆಯ ಕೂಗಿನಲ್ಲಿ ಒಂದು ದನಿಯನ್ನು ಹುಡುಕುತ್ತಿದ್ದೆ. ಅಷ್ಟು ದೂರದಿಂದ ದನಿ ಬಿಡಿಸಿಕೊಳ್ಳುವುದು ಎಲ್ಲಿಯ ಮಾತು?

"ಯಾಕ್ಲಾ ತಲೆ ಬಾಚಿಲ್ಲ?" ಎಂದ ರಾಚಯ್ಯ. ಅವನಿಗೂ ನಗಲಾಗಲಿಲ್ಲ.

ಗೌರಿ ಬಂದು ಹೋಯಿತು. ಪಕ್ಷ ಹಿಡಿಯಿತು. ಅಮಾವಾಸ್ಯೆ ಹತ್ತಿರವಾದ ಒಂದು ಸಂಜೆ, ಸ್ವಿಚ್ಚು ಇಳಿಸಿ ಹೊರಗೆ ಬಂದರೆ ಗೇಟಿನ ಆಚೆ ಅವಳು. ಈ ಸಲ ಕಂಬಿ ಹಿಡಿದಿರಲಿಲ್ಲ. ಕಂಕುಳಲ್ಲಿ ಒಂದು ಬುಟ್ಟಿ, ಬುಟ್ಟಿಯ ತುಂಬ ಚೆಂಡು ಹೂ. ಆ ಕಿತ್ತಳೆ ಬಣ್ಣ ಅವಳ ಗದ್ದದ ಮೇಲೆಲ್ಲ ಬಿದ್ದಿತ್ತು.

"ಗುಂಡ್ಲುಪೇಟೇಗೆ ಓಗಿದ್ದೆ," ಎಂದಳು. "ರೋಡಿನ ಎರಡು ಕಡೆನೂ ಬರೀ ಇದೇಯ. ಬಸ್ನಲ್ಲಿ ಕುಂತಿದ್ರೆ ಆಟದೊಳ್ಗೇ ಓಯ್ತಾವ್ನಿ ಅನ್ಸ್ತು."

ನಾನು ಗೇಟು ತೆಗೆದೆ. ಅವಳು ಒಳಗೆ ಬರಲಿಲ್ಲ.

"ಗೋಪಾಲಸ್ವಾಮಿ ಬೆಟ್ಟಕ್ಕೂ ಓಗಿದ್ದೆ. ಮೇಲೆ ನಿಂತ್ರೆ ಬಂಡೀಪುರದ ಕಾಡೆಲ್ಲ ಕೆಳ್ಗೆ. ಬರೀ ಮಂಜು. ಏನೂ ಕಾಣ್ದು. ಸ್ವಾಮಿಗೆ ಕೈ ಮುಗ್ದು ಬಂದು, ಆ ಅಂಚಲ್ಲಿ ನಿಂತ್ಕೊಂಡು…" ಒಂದು ಹೂವನ್ನು ಎತ್ತಿ ಮತ್ತೆ ಬುಟ್ಟಿಗೆ ಇಟ್ಟಳು. "ಹೆಸ್ರಿಡ್ದು ಕೂಗ್ದೆ. ಮದ್ವೆ ಆದಾಗಿಂದ ಒಂದಿನನೂ ಅವ್ರ ಹೆಸ್ರು ಬಾಯಲ್ಲಿ ಅಂದೋಳಲ್ಲ ನಾನು. ಗಂಡನ್ ಹೆಸ್ರು ಎಂಗಂತರೆ? ಅವತ್ತು ಕೂಗ್ದೆ. ಪುಟ್ಟಮಾದೂ ಅಂತ. ಗಂಟ್ಲು ಕಿತ್ತೋಗಂಗೆ ಕೂಗ್ದೆ."

"ಏನಾಯಿತು?"

"ಬದ್ಕಿದ್ದಿದ್ರೆ ಬೈತಿದ್ರು, 'ಏನಮ್ಮಿ, ಹೆಸ್ರಿಡ್ದು ಕರೀತೀಯ' ಅಂತ. ಬೈಲಿಲ್ಲ." ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಬೆಳಿಗ್ಗೆ ಬಂದು ಆಟಾನೂ ಮುಗಿಸ್ದೆ. ನಿಮ್ ಅಪ್ಪಣೆ ಇಲ್ದೇಯ."

"ಅವನ ಹೆಂಡತಿ ತಿರುಗಿದಳೇ?"

"ಮೂಳೆ ಮುಖ. ಆದ್ರೂ ನಗ್ತಿದ್ಲು ಕಣಿ. ತಲೆ ತುಂಬ ಹೂ. ಅವ್ನ ಕುಂಡ್ರುಸಿ, ತಟ್ಟೆ ತುಂಬ ಉಣ್ಣಾಕಿಕ್ಕಿ, ಆಮೇಲೆ ಬೆನ್ಮೇಲೆ ಕೈ ಇಟ್ಟು ಮೇಲಕ್ಕೆ, ಬದ್ಕಿರೋರ್ ದಾರಿಗೆ ತಳ್ಬುಟ್ಲು. ಓಗು ಅಂತ. ಅವ್ನು ಮುಸ್ಕು ತಗ್ದು ಕಣ್ಣೊರುಸ್ಕೊಂಡ." ಸೆರಗಿನ ತುದಿ ಅವಳ ಕಣ್ಣಿಗೂ ಹೋಯಿತು. "ಚೆನ್ನಾಗವ್ನೆ ಮುಸ್ಕಿಲ್ದೆ. ವಸಿ ನಿಮ್ಮಂಗೇ ಅವ್ನೆ, ಪೆದ್ದು ಮುಖ."

ಆಮೇಲೆ ಹೇಳಿದಳು: "ಅಮಾಸೆ ದಿನ ರಜ ಹಾಕಿ. ನಿಮ್ಗೋಸ್ಕರ ಇಕ್ತಿಲ್ಲ, ತಿಳ್ಕೊಳಿ. ಅವ್ರು ಹಸ್ಕೊಂಡವ್ರೆ, ಅದ್ಕೆ. ಆದ್ರೆ ಬಾಗ್ಲು ಮುಚ್ಚುದ್ ಮೇಲೆ ಹೊರ್ಗೆ ಒಬ್ಳೇ ನಿಲ್ಲಾಕೆ ನಂಗಾಗಲ್ಲ."

*

ಅಮಾವಾಸ್ಯೆಯ ಸಂಜೆ ಹೋದಾಗ ಕರೆಂಟು ಹೋಗಿತ್ತು. ರಾಚಯ್ಯ ಪಾಳಿಯಲ್ಲಿದ್ದ. ಜಗಲಿ ಮೇಲೆ ಒಬ್ಬ ಮುದುಕಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಕುದೇರಿನಿಂದ ಬಂದ ಚಿಕ್ಕನಿಂಗಮ್ಮ.

"ಯಾರಪ್ಪ ನೀನು?"

"ಕರೆಂಟ್ ಆಫೀಸಿನವನು ಅವ್ವ. ದೊರೆಸ್ವಾಮಿ."

ಮುದುಕಿ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. "ಏಳೊರ್ಸ ಒಬ್ಳೇ ಉಣ್ಣುಸ್ದೆ ನನ್ ಕಂದನ್ನ. ಈವತ್ತು ಸೊಸೆ ಬಂದು ಕಾಲ್ ಮುಟ್ಟಿ ಕರದ್ಲು. ನೀನೇ ಏನೋ ಹೇಳಿರ್ಬೇಕು ಅಂದ್ಕಂಡೆ."

"ಇಡಬೇಡ ಎಂದು ಹೇಳಿದವನು ನಾನು ಅವ್ವ."

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು. "ಅಂಗಂದ್ಯಾ?" ಎಂದು, ಜಗಲಿಯಲ್ಲಿ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು. "ಬಾ ಮಗ, ಕುಂತ್ಕೊ."

ಕೂರುವ ಮೊದಲು ರಂಜಿನಿ ಒಳಗೆ ಕರೆದಳು. ದೀಪದ ಬೆಳಕಿನಲ್ಲಿ ಕೋಣೆ ಬೇರೆಯೇ ಆಗಿತ್ತು. ಟೀವಿಯ ಮುಂದೆ ಕಳಶ, ಸುತ್ತ ಚೆಂಡು ಹೂ. ಒಂದು ಎಲೆ ಇರುತ್ತದೆಂದುಕೊಂಡಿದ್ದೆ. ಎರಡು ಇದ್ದವು. ಒಂದರಲ್ಲಿ ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಮಡಿಸಿಟ್ಟ ಖಾಕಿ ಅಂಗಿ. ಇನ್ನೊಂದರಲ್ಲಿ ಅವರೆಕಾಳು ಸಾರು, ವಡೆ, ಲೋಟದಲ್ಲಿ ಬೆಲ್ಲದ ಕಾಫಿ, ಎಲೆ ಅಡಿಕೆ. ಅದರ ಪಕ್ಕದಲ್ಲಿ ಒಂದು ಹಸಿರು ಸೀರೆ.

ನಾನು ಬಗ್ಗಿ ಆ ಸೀರೆಯ ಅಂಚನ್ನು ಮುಟ್ಟಿದೆ.

"ಈರಮ್ಮಕ್ಕಂಗೆ," ಎಂದಳು. "ಪ್ರತಿ ವರ್ಸ ನಿಮ್ ಮನೇಲೇ ಉಂಡು ಬ್ಯಾಸರ ಆಗಿರ್ತದೆ ಪಾಪ. ನಿಮ್ ಅಡ್ಗೆ."

ಎರಡು ಎಲೆಗಳ ನಡುವೆ ಎರಡು ಜಾಯ್‌ಸ್ಟಿಕ್ಕುಗಳಿದ್ದವು.

"ಇದೇಕೆ?"

"ಉಂಡಾದ್ ಮೇಲೆ ಹೊತ್ತೋಗ್ಬೇಕಲ್ಲ ಅವ್ರಿಗೆ."

ಧೂಪ ಹಾಕಿದಳು. ಕೊರಳಿಗೆ ಕೈ ಹಾಕಿ, ತಾಳಿಯನ್ನು ತಾನೇ ತೆಗೆದು ಖಾಕಿ ಅಂಗಿಯ ಮೇಲೆ ಇಟ್ಟಳು. ಚಿಕ್ಕನಿಂಗಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ರಂಜಿನಿ ನೆಲಕ್ಕೆ ಹಣೆ ಮುಟ್ಟಿಸಿ ಬಹಳ ಹೊತ್ತು ಹಾಗೇ ಇದ್ದಳು. ನಾನೂ ಕೈ ಮುಗಿದೆ. ನೋಡಿರದ ಆ ಮನುಷ್ಯನಿಗೆ, ಹೊಟ್ಟೆ ತುಂಬ ಉಣ್ಣಪ್ಪ ಎಂದೆ. ಈರಮ್ಮನಿಗೆ ಏನೂ ಹೇಳಲಿಲ್ಲ. ಅವಳಿಗೆ ನಾನು ಹೇಳದೆಯೂ ತಿಳಿಯುತ್ತಿತ್ತು.

ಹೊರಗೆ ಬಂದು ಬಾಗಿಲು ಮುಚ್ಚಿದೆವು.

ಬೀದಿಯೆಲ್ಲ ಕತ್ತಲು. ಅಕ್ಕಪಕ್ಕದ ಮನೆಗಳ ಬಾಗಿಲುಗಳೂ ಮುಚ್ಚಿದ್ದವು. ಅವರವರ ಸತ್ತವರಿಗಾಗಿ ಅವರವರು ಹೊರಗೆ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾಲ್ಕು ವರ್ಷ ನಾನು ಒಬ್ಬನೇ ನಿಂತ ಹೊತ್ತು ಅದು. ಈಗ ಪಕ್ಕದಲ್ಲಿ ಅವಳ ಉಸಿರು ಕೇಳಿಸುತ್ತಿತ್ತು.

"ಆವತ್ತು ತಟ್ಟೆ ವಿಷ್ಯ ಹೇಳುದ್ರಲ್ಲ," ಎಂದಳು ಪಿಸುಮಾತಿನಲ್ಲಿ, "ಮರ್ತುಬುಡು ಅಂದ್ರಿ. ನಂಗೆ ಮರೆಯಾಕ್ ಆಗ್ನಿಲ್ಲ."

"ನನಗೂ ಆಗಲಿಲ್ಲ."

"ಒಂದೊರ್ಸ ಕಾಯ್ತೀರಾ? ಇವ್ರ ಮುಂದಿನ್ ಎಡೆ ಆಗ್ಲಿ."

"ಕಾಯುತ್ತೇನೆ."

"ವರ್ಸೆಲ್ಲ ಬೈತೀನಿ."

"ಹೆಸರು ಹಿಡಿದೇ ಬೈಯಿ."

ಕತ್ತಲಲ್ಲಿ ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಹೊತ್ತಾಯಿತೆಂದು ನಾನು ಕೆಮ್ಮಲು ಗಂಟಲು ಸರಿಮಾಡಿಕೊಂಡೆ.

ಆಗ ಮುಚ್ಚಿದ ಬಾಗಿಲ ಒಳಗೆ ತುತ್ತೂರಿ ಮೊಳಗಿತು. ಗಿಟಾರು, ಹಿಂದೆಯೇ 'ಆಯ್ ಆಯ್' ಎಂಬ ಕೂಗು. ಬಾಗಿಲ ಸಂದಿಯಿಂದ ನೇರಳೆ ಬೆಳಕು ನಮ್ಮ ಕಾಲಿನ ಮೇಲೆ ಬಿತ್ತು.

ಚಿಕ್ಕನಿಂಗಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. "ಬಂದ ಕಣಮ್ಮಿ," ಎಂದಳು, ಅಳುತ್ತ. "ನನ್ ಮಗ ಬಂದ."

ಟೀವಿಯ ಸ್ವಿಚ್ಚು ಹಾಕಿಯೇ ಇದ್ದಿರಬೇಕು. ಯಾರೂ ಮುಟ್ಟದಿದ್ದರೆ ಪೈಲ್ವಾನ ತನ್ನಷ್ಟಕ್ಕೆ ತಾನೇ ಆಡುತ್ತಾನೆಂದೂ ನನಗೆ ಗೊತ್ತು. ಆದರೆ ಗಡಿಯಾರ ನೋಡಿಕೊಂಡೆ. ಏಳಕ್ಕೆ ಇನ್ನೂ ಹೊತ್ತಿತ್ತು. ರಾಚಯ್ಯ ಹೊತ್ತಿಗೆ ಮುಂಚೆ ಸ್ವಿಚ್ಚು ಏರಿಸುವವನಲ್ಲ.

ಬಾಗಿಲಿಗೆ ಕೈ ಇಡಹೋದೆ. ರಂಜಿನಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆ ಬೆರಳುಗಳಲ್ಲಿ ಇನ್ನೂ ಚೆಂಡು ಹೂವಿನ ವಾಸನೆಯಿತ್ತು.

"ವಸಿ ತಡೀರಿ," ಎಂದಳು. "ಇಬ್ರೂ ಒಂದಾಟ ಆಡ್ಕೊಳ್ಳಿ."

ಜಗಲಿಯ ಮೇಲೆ ಮೂವರೂ ಕೂತೆವು. ಅವಳು ಕೈ ಬಿಡಲಿಲ್ಲ. ಒಳಗೆ ಪೈಲ್ವಾನ ನೆಗೆಯುವ ಸದ್ದು, ಮಿಠಾಯಿ ಸುರಿಯುವ ಸದ್ದು. ಆಮೇಲೆ ಯಾರೋ ಕಳ್ಳಿಯ ಮೇಲೆ ಬಿದ್ದು 'ಊಯ್' ಎಂದರು.

"ಈರಮ್ಮಕ್ಕ ಬಿದ್ರು," ಎಂದಳು ರಂಜಿನಿ, ಕಣ್ಣೊರಸಿಕೊಳ್ಳುತ್ತ. "ಅವ್ರಿಗೂ ನೆಗಿಯಾಕ್ ಬರಲ್ಲ. ನಿಮ್ಮಂಗೇಯ."